ಕೋಡಿಯೂ ಹಿನ್ನೀರೂ

ಹೊಸದಾಗಿ ವರದಿಗಾರಿಕೆಗೆ ಇಳಿದವರೇ, ವಾಟ್ಸಾಪಿಗೆ ಬಂದ ಪತ್ರಿಕಾ ಹೇಳಿಕೆಯ ತಲೆಬಾಲ ತಿದ್ದಿ ನಿಮ್ಮ ಹೆಸರು ಹಾಕಿಕೊಳ್ಳಬೇಡಿ. ಒಂದು ಉದಾಹರಣೆ ನೋಡಿ: 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 130 ಅಡಿ ತುಂಬಿ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಚಿತ್ರದುರ್ಗದಲ್ಲಿ ಕೂತು ‘ರೈತರ ಮೊಗದಲ್ಲಿ ಮಂದಹಾಸ’ ಎಂದು ಬರೆಯುವುದು ಸುಲಭ (ಈ ಮಂದಹಾಸಕ್ಕೆ ಎಷ್ಟು ವರ್ಷವಾಯಿತೋ!). ಆದರೆ ಹಿನ್ನೀರು ಹೊಸದುರ್ಗದ ಕಡೆ. ಅಲ್ಲಿ ಜಮೀನು, ತೋಟಗಳಿಗೇ ನೀರು ನುಗ್ಗಿತ್ತು. ಒಂದೇ ನೀರು, ಎರಡು ಸುದ್ದಿ.

ಬಸ್ಸು ಹತ್ತಿ. ಎರಡೂ ಕಡೆಯವರನ್ನು ಮಾತಾಡಿಸಿ. ಅಡಿ, ಎಕರೆ, ಇಸವಿಗಳನ್ನು ಎರಡೆರಡು ಸಲ ನೋಡಿ. ‘ಹೊಳಲ್ಕೆರೆ’ಯ ‘ಳ’ ‘ಲ’ ಆದರೂ ಊರವರು ನಗುತ್ತಾರೆ. ಸುದ್ದಿಗೋಷ್ಠಿಯಲ್ಲಿ ಕೊಡುವ ಕವರನ್ನು ಮೇಜಿನ ಮೇಲೆಯೇ ಬಿಟ್ಟು ಬನ್ನಿ. ಈ ವಾರ ಒಮ್ಮೆ ಹಿನ್ನೀರಿನ ಊರುಗಳಿಗೆ ಹೋಗಿ ಬನ್ನಿ, ಆಮೇಲೆ ಬರೆಯಿರಿ.