ಹೊಸ ಮಿಂಚಂಚೆಯ ಸೂಚನೆ ಮತ್ತು ಅರ್ಜಿಯ ಕಾಲಮಿತಿ

ಕಚೇರಿಗೆ ಮಿಂಚಂಚೆ ಬಂದಿರುವುದನ್ನು ಅರಿಯಲು ಗಳಿಗೆಗೊಮ್ಮೆ ಅಂಚೆಪೆಟ್ಟಿಗೆ ನೋಡಬೇಕಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಡೆಸ್ಕ್‌ಟಾಪ್ ಸೂಚನೆಯನ್ನು ಚಾಲನೆಗೊಳಿಸಿ ಬ್ರೌಸರ್‌ಗೆ ಅನುಮತಿ ನೀಡಿದಲ್ಲಿ, ಹೊಸ ಪತ್ರ ಬಂದೊಡನೆ ಪರದೆಯ ಮೂಲೆಯಲ್ಲಿ ಸೂಚನೆ ಮೂಡುತ್ತದೆ. ಆದರೆ ಬ್ರೌಸರ್‌ನಲ್ಲಿ ಜಿಮೇಲ್ ತೆರೆದೇ ಇರಬೇಕು. ವಿದ್ಯುತ್ ಹೋಗಿ ಬಂದ ಬಳಿಕ ಇದನ್ನು ಮರೆಯುವುದೇ ಹೆಚ್ಚು.

ಮಾಹಿತಿ ಹಕ್ಕು ಅಧಿನಿಯಮ, 2005 ವಿದ್ಯುನ್ಮಾನ ಅರ್ಜಿಗೂ ಅವಕಾಶವಿತ್ತಿದೆ. ಅರ್ಜಿ ಸ್ವೀಕೃತವಾದ 30 ದಿನಗಳೊಳಗೆ, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದಲ್ಲಿ 48 ಗಂಟೆಗಳೊಳಗೆ ಉತ್ತರಿಸತಕ್ಕದ್ದು. ಸಕಾರಣವಿಲ್ಲದ ವಿಳಂಬಕ್ಕೆ ದಿನಕ್ಕೆ 250 ರೂ.ನಂತೆ ಗರಿಷ್ಠ 25,000 ರೂ. ದಂಡವಿದೆ.

ಸೂಚನೆಯನ್ನು ‘ಮುಖ್ಯ ಪತ್ರ’ಗಳಿಗೆ ಮಾತ್ರ ಸೀಮಿತಗೊಳಿಸುವ ಆಯ್ಕೆಯೂ ಜಿಮೇಲ್‌ನಲ್ಲಿದೆ. ಮುಖ್ಯವಾವುದೆಂದು ನಿರ್ಧರಿಸುವುದು ತಂತ್ರಾಂಶ. ಮೊದಲ ಬಾರಿಗೆ ಬರೆದ ಗ್ರಾಮಸ್ಥರ ಅರ್ಜಿ ಅದರ ಎಣಿಕೆಗೆ ಬಾರದಿರಬಹುದು. ‘ಹೊಸ ಪತ್ರ’ ಎಂಬ ಆಯ್ಕೆಯೇ ಇದೆಯೇ ಎಂಬುದನ್ನು ಸದಸ್ಯರು ಕಚೇರಿಯಲ್ಲಿ ವಿಚಾರಿಸುವುದು.