ಕ್ಯೂಆರ್ ಯಾರ ಖಾತೆಯದು?

ಪ್ರಶ್ನೆ: ಕಮಲಾಪುರದ ನಮ್ಮ ಮನೆಯ ಮಹಡಿಯಲ್ಲಿ ನಾಲ್ಕು ರೂಮು ಮಾಡಿ ಹಂಪಿಗೆ ಬರುವವರಿಗೆ ಬಾಡಿಗೆಗೆ ಕೊಡುತ್ತೇನೆ. ತಿಂಡಿ ಸೇರಿ ದಿನಕ್ಕೆ 1,200 ರೂಪಾಯಿ. ಮೊದಲೆಲ್ಲ ನಗದು ಅಷ್ಟೇ. ಬೆಂಗಳೂರಿನಲ್ಲಿರುವ ಮಗ ತನ್ನ ಖಾತೆಯ ಕ್ಯೂಆರ್ ತಂದು ಬಾಗಿಲಿಗೆ ಅಂಟಿಸಿದ. ಕಾರ್ಡ್ ಇಲ್ಲವೆಂದರೆ ಫಾರಿನ್‌ನವರು ಹೊಸಪೇಟೆಯ ಹೋಟೆಲುಗಳಿಗೆ ಹೋಗುತ್ತಾರೆ, ಮಷಿನ್ನೂ ಹಾಕಿಸೋಣ ಅನ್ನುತ್ತಾನೆ. ನಮ್ಮನೆಯವರು ಮಾತ್ರ ಜಿಎಸ್‌ಟಿ ನೋಟಿಸಿನ ಸುದ್ದಿ ಕೇಳಿದಾಗಿನಿಂದ ಇದ್ದ ಕ್ಯೂಆರ್‌ನೂ ಕಿತ್ತುಹಾಕು ಅಂತಿದ್ದಾರೆ. ಇಬ್ಬರ ನಡುವೆ ಮಾತು ನಿಂತುಹೋಗಿದೆ. ತಿಂಗಳ ಕೊನೆಗೆ ರೇಷನ್ ತರಲು ನಾನೇ ಮಗನಿಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಳ್ಳಬೇಕು. ನಾನು ಯಾರ ಮಾತು ಕೇಳಲಿ?
– ಹೆಸರು ಬೇಡ, ಕಮಲಾಪುರ

ಉತ್ತರ: ಅಕ್ಕಾ, ನೀವು ಕೊನೆಗೆ ಬರೆದ ಒಂದು ಸಾಲಿನಲ್ಲೇ ಮುಖ್ಯ ಸಂಗತಿ ಇದೆ. ರೂಮು ಗುಡಿಸುವವರು ನೀವು, ಹಾಸಿಗೆ ಬಟ್ಟೆ ಒಗೆಯುವವರು ನೀವು, ಬೆಳಿಗ್ಗೆ ಎದ್ದು ಇಡ್ಲಿ ಬೇಯಿಸುವವರು ನೀವು. ದುಡ್ಡು ಬೀಳುವುದು ಮಾತ್ರ ಮಗನ ಖಾತೆಗೆ. ನಗದೋ ಕಾರ್ಡೋ ಎಂಬ ಜಗಳಕ್ಕೆ ಮೊದಲು ಇದು ಸರಿಹೋಗಬೇಕು.

ಮಗ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅಂಗೈಯಲ್ಲಿ ಫೋನ್ ಇದ್ದವನು ಸಲೀಸಾದ ದಾರಿ ಹಿಡಿದಿದ್ದಾನೆ. ಆದರೆ ಅವನ ಸಂಬಳದ ಖಾತೆಗೆ ನಿಮ್ಮ ರೂಮಿನ ಬಾಡಿಗೆ ಬೀಳುತ್ತಿದ್ದರೆ, ನಾಳೆ ತೆರಿಗೆಯವರು ಕೇಳಿದಾಗ ಉತ್ತರ ಕೊಡಬೇಕಾದವನು ಅವನೇ. ಅದಕ್ಕಿಂತ ದೊಡ್ಡ ಮಾತು, ನಿಮ್ಮ ದುಡಿಮೆ ಎಷ್ಟೆಂಬುದಕ್ಕೆ ಎಲ್ಲಿಯೂ ದಾಖಲೆ ಇಲ್ಲ. ಮುಂದೆ ಇನ್ನೆರಡು ರೂಮು ಕಟ್ಟಲು ಸಾಲ ಕೇಳಿದರೆ ಬ್ಯಾಂಕಿನವರಿಗೆ ಏನು ತೋರಿಸುತ್ತೀರಿ? ಆದ್ದರಿಂದ ನಿಮ್ಮ ಹೆಸರಿನಲ್ಲಿ, ನಿಮ್ಮ ಪ್ಯಾನ್ ಮೇಲೆ, ಈ ವ್ಯವಹಾರಕ್ಕೆಂದೇ ಒಂದು ಖಾತೆ ತೆರೆಯಿರಿ. ಕ್ಯೂಆರ್ ಆ ಖಾತೆಯದಾಗಲಿ. ಕಂಪ್ಲಿಯ ತವರಿನಿಂದ ಭತ್ತ ಮಾರಿದ ದುಡ್ಡು ಬಂದರೂ, ನೆಂಟರು ಕೈಸಾಲ ತೀರಿಸಿದರೂ ಅದು ನಿಮ್ಮ ಹಳೆಯ ಉಳಿತಾಯ ಖಾತೆಗೆ ಹೋಗಲಿ, ಇಲ್ಲಿ ಬೆರೆಯುವುದು ಬೇಡ.

ಬೆರೆತರೆ ಏನಾಗುತ್ತದೆಂದು 2025ರ ಜುಲೈನಲ್ಲಿ ನೋಡಿದೆವು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಅದರಲ್ಲಿ ವ್ಯಾಪಾರದ್ದೆಷ್ಟು, ಮನೆಯದ್ದೆಷ್ಟು ಎಂದು ಬಿಡಿಸಿ ತೋರಿಸಲು ಎಷ್ಟೋ ಜನ ಒದ್ದಾಡಿದರು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ನಿಮ್ಮನೆಯವರ ಭಯ ಹುಟ್ಟಿದ್ದು ಅಲ್ಲೇ ಇರಬೇಕು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಾನೂನು ನೋಡುವುದು ಒಟ್ಟು ವಹಿವಾಟನ್ನು. ನೋಟಿನಲ್ಲಿ ಬಂದದ್ದೂ ಅದರಲ್ಲೇ ಸೇರುತ್ತದೆ. ಕ್ಯೂಆರ್ ಕಿತ್ತ ಮಾತ್ರಕ್ಕೆ ಲೆಕ್ಕ ಕಡಿಮೆಯಾಗುವುದಿಲ್ಲ. ಜೊತೆಗೆ ಫಾರಿನ್‌ನವರು ಉಳಿದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ತಿಳಿಸಲೇಬೇಕಲ್ಲ? ಅವರು ಬಂದದ್ದಕ್ಕೆ ದಾಖಲೆ ಇದ್ದು, ಕೊಟ್ಟ ಬಾಡಿಗೆಗೆ ಇಲ್ಲದಿದ್ದರೆ ತೊಂದರೆ ನಿಮಗೇ.

ಈಗ ನಿಮ್ಮನೆಯವರ ಪಕ್ಕ ಕೂತು ಈ ಲೆಕ್ಕ ಹಾಕಿ. ನಾಲ್ಕು ರೂಮು, 1,200 ರೂಪಾಯಿ, ದಿನಕ್ಕೆ 4,800. ವರ್ಷದ 365 ದಿನವೂ ಒಂದೂ ರೂಮು ಖಾಲಿ ಇಲ್ಲವೆಂದುಕೊಂಡರೂ 17,52,000 ಆಗುತ್ತದೆ. ಸೇವೆ ಕೊಡುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು ವರ್ಷದ ವಹಿವಾಟು 20 ಲಕ್ಷ ದಾಟಿದರೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಎಷ್ಟು ರೂಮು ತುಂಬುತ್ತವೆಂದು ನಿಮಗೇ ಗೊತ್ತು. ಒಂದೇ ಎಚ್ಚರ: ನಿಮ್ಮ ಪ್ಯಾನ್ ಮೇಲೆ ಅಂಗಡಿ, ಬಾಡಿಗೆ ಬೈಕು ಅಂತ ಬೇರೆ ವ್ಯಾಪಾರ ಇದ್ದರೆ ಅದೂ ಕೂಡುತ್ತದೆ. ಮುಂದೆ ದಾಟಿದರೂ ಕಂಗಾಲಾಗಬೇಡಿ, ದಿನಕ್ಕೆ 7,500ರವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 5 ಮಾತ್ರ.

ಆದಾಯ ತೆರಿಗೆಯಲ್ಲಂತೂ ದುಡ್ಡು ಖಾತೆಯ ಮೂಲಕ ಬಂದರೇ ಅನುಕೂಲ. ಸಣ್ಣ ವ್ಯಾಪಾರದವರು ಪುಸ್ತಕ ಇಡದೆ ಅಂದಾಜಿನ ಮೇಲೆ ಲೆಕ್ಕ ಕೊಡುವ ಪದ್ಧತಿ ಆಯ್ದುಕೊಂಡರೆ, ನಗದಿನಲ್ಲಿ ಬಂದದ್ದರಲ್ಲಿ ಕನಿಷ್ಠ ಶೇ 8 ಆದಾಯವೆಂದು ತೋರಿಸಬೇಕು. ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ 6 ಸಾಕು. ಹೊಸಪೇಟೆಯಲ್ಲಿ ಒಬ್ಬ ತೆರಿಗೆ ಸಲಹೆಗಾರರನ್ನು ವರ್ಷಕ್ಕೊಮ್ಮೆ ಕಂಡರೆ ಆಯಿತು. ಆ ಫೀಸಿಗೆ ಚೌಕಾಸಿ ಮಾಡಬೇಡಿ.

ಇನ್ನು ಕಾರ್ಡ್ ಮಷಿನ್. ಮಗನ ಮಾತಿನಲ್ಲಿ ಹುರುಳಿದೆ, ಆದರೆ ಇದು ಯುಪಿಐ ಹಾಗೆ ಬಿಟ್ಟಿ ಅಲ್ಲ. ಖಾತೆಯಿಂದ ಖಾತೆಗೆ ಬರುವ ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡಿಗೆ ಬ್ಯಾಂಕು ಹಿಡಿದುಕೊಳ್ಳುತ್ತದೆ, ವಿದೇಶಿ ಕಾರ್ಡಿಗೆ ಇನ್ನೂ ಹೆಚ್ಚು. ಶೇ 3 ಎಂದಿಟ್ಟುಕೊಂಡರೆ 1,200ರಲ್ಲಿ 36 ರೂಪಾಯಿ ಹೋಯಿತು. ಮಷಿನ್ನಿನ ತಿಂಗಳ ಬಾಡಿಗೆ ಎಷ್ಟು, ವಿದೇಶಿ ಕಾರ್ಡಿಗೆ ಎಷ್ಟು ಹಿಡಿಯುತ್ತೀರಿ, ದುಡ್ಡು ಯಾವ ದಿನ ಬರುತ್ತದೆ ಎಂದು ಬ್ಯಾಂಕಿನಲ್ಲಿ ಕೇಳಿ, ಬರೆಸಿಕೊಳ್ಳಿ. ಅಕ್ಟೋಬರಿನಿಂದ ಫೆಬ್ರವರಿವರೆಗೆ ತಿಂಗಳಿಗೆ ಐದಾರು ಜನವಾದರೂ ಕಾರ್ಡ್ ಕೇಳುತ್ತಿದ್ದರೆ ಹಾಕಿಸಿ. ಇಲ್ಲದಿದ್ದರೆ ಸದ್ಯಕ್ಕೆ ಬೇಡ. ಹಾಕಿಸಿದ ಮೇಲೆ ಆ 36 ರೂಪಾಯಿಯನ್ನು ಅತಿಥಿಯ ಬಿಲ್ಲಿಗೆ ಸೇರಿಸಬೇಡಿ, ಹೊರಡುವ ಹೊತ್ತಿನಲ್ಲಿ ಮನಸ್ಸು ಮುರಿಯುತ್ತದೆ. ಡೆಬಿಟ್ ಕಾರ್ಡಿನವರಿಂದ ಹಾಗೆ ವಸೂಲಿ ಮಾಡಲು ರಿಸರ್ವ್ ಬ್ಯಾಂಕಿನ ನಿಯಮವೂ ಒಪ್ಪುವುದಿಲ್ಲ. ಬೇಕಿದ್ದರೆ ರೂಮಿನ ದರದಲ್ಲೇ ಅಷ್ಟು ಹೊಂದಿಸಿ. ಕಾರ್ಡಿನಲ್ಲಿ ಕೊಟ್ಟವರು ಊರಿಗೆ ಹೋಗಿ ತಕರಾರು ತೆಗೆಯುವುದೂ ಉಂಟು, ಆದ್ದರಿಂದ ರಿಜಿಸ್ಟರಿನಲ್ಲಿ ಬಂದ ದಿನ, ಹೋದ ದಿನ, ಸಹಿ ತಪ್ಪದಿರಲಿ.

ನಗದನ್ನು ಬಿಡಬೇಡಿ. ಸಂಡೂರಿನ ಗುಡ್ಡ ಸುತ್ತಿ ಕತ್ತಲಾದ ಮೇಲೆ ಬಂದವರ ಫೋನ್ ಸತ್ತಿರುತ್ತದೆ, ಒಮ್ಮೊಮ್ಮೆ ಕರೆಂಟು, ನೆಟ್‌ವರ್ಕು ಎರಡೂ ಇರುವುದಿಲ್ಲ. ನಗದೊಂದನ್ನೇ ನೆಚ್ಚಿಕೊಳ್ಳುವುದೂ ಬೇಡ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದದ್ದು ಹಂಪಿಗೆ ಜನ ಬರುವ ಕಾಲದಲ್ಲೇ. ಆ ವಾರ ಜೇಬಿನಲ್ಲಿ ನೋಟಿದ್ದೂ ಕೊಡಲಾಗದವರ ಮುಖವನ್ನು ನಿಮ್ಮ ಊರಿನವರು ಮರೆತಿರಲಾರರು. ಯಾವ ರೀತಿಯಲ್ಲಿ ಹಣ ತೆಗೆದುಕೊಳ್ಳುತ್ತೀರೆಂದು ಬುಕಿಂಗ್ ಫೋನಿನಲ್ಲೇ ಹೇಳಿಬಿಡಿ. ನಗದು ಕೊಟ್ಟವರಿಗೂ ರಸೀದಿ ಹರಿದುಕೊಡಿ.

ಮಗನ ಹತ್ತಿರ ಜಗಳ ತೆಗೆಯಬೇಡಿ. 'ಖಾತೆ ತೆರೆಯೋಕೆ ಬರುವ ಭಾನುವಾರ ಬಾ, ಸೋಮವಾರ ಬ್ಯಾಂಕಿಗೆ ಹೋಗೋಣ, ನನ್ನ ಫೋನಿಗೆ ಮೆಸೇಜು ಬರೋ ಹಾಗೆ ಮಾಡಿಕೊಡು' ಅನ್ನಿ. ನಿಮ್ಮನೆಯವರನ್ನೂ ಕರೆದುಕೊಂಡು ಹೋಗಿ. ಆಧಾರ್, ಪ್ಯಾನ್, ಫೋಟೋ, ರೂಮು ನಡೆಸುತ್ತಿರುವುದಕ್ಕೆ ಪಂಚಾಯಿತಿಯವರು ಕೊಟ್ಟ ಪರವಾನಗಿ ಏನಿದ್ದರೂ ಜೊತೆಗಿರಲಿ. ಹೊಸ ಕ್ಯೂಆರ್ ಕೈಗೆ ಬರುವ ತನಕ ಹಳೆಯದಕ್ಕೆ ಬಿದ್ದ ಬಾಡಿಗೆಯನ್ನು ದಿನ, ಮೊತ್ತ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಷ್ಟನ್ನೂ ಮಗ ನಿಮ್ಮ ಹೊಸ ಖಾತೆಗೆ ವರ್ಗಾಯಿಸಲಿ.