ಹದಿನೈದು ವರ್ಷದ ಕಾರಿಗೆ 62,000 ಹಾಕಬಹುದೇ?

ಕಾರಿಗೆ ಹದಿನೈದು ತುಂಬಿತೆಂದರೆ ಮನೆಯವರು, ಮೆಕ್ಯಾನಿಕ್, ಆರ್‌ಟಿಒ ಮೂವರೂ ಒಟ್ಟಿಗೆ ಲೆಕ್ಕ ಕೇಳುತ್ತಾರೆ. 2010ರಲ್ಲಿ ರಾಜಾಜಿನಗರದಲ್ಲಿ ನೋಂದಣಿಯಾದ, ಕೆಎ-02 ನಂಬರಿನ ನಮ್ಮ ಪುಟ್ಟ ಪೆಟ್ರೋಲ್ ಕಾರಿಗೆ 2025ರಲ್ಲಿ ಆ ಸರದಿ ಬಂತು. ಎಫ್‌ಸಿಗೆ ಮುಂಚೆ ಒಮ್ಮೆ ತೋರಿಸೋಣವೆಂದು ಕಾಮಾಕ್ಷಿಪಾಳ್ಯದ ಗ್ಯಾರೇಜಿಗೆ ಬಿಟ್ಟರೆ ಎಸ್ಟಿಮೇಟ್ 62,000 ರೂಪಾಯಿ: ಕ್ಲಚ್ ಸೆಟ್, ಮುಂದಿನ ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್, ನಾಲ್ಕು ಟೈರು, ಬ್ಯಾಟರಿ, ಎಸಿ ಕಂಪ್ರೆಸರ್.

“ಭಾವ, ಮಾರಿದ್ರೆ ಒಂದು ಲಕ್ಷ ಹುಟ್ಟಲ್ಲ. ಅದಕ್ಕೆ ಅರವತ್ತು ಸಾವಿರ ಸುರೀತೀರಾ?” ಎಂದ ನನ್ನ ಭಾಮೈದ.

ಎಲ್ಲರೂ ಹಾಕುವುದು ಇದೇ ಲೆಕ್ಕ. ನನಗದು ಒಪ್ಪಿಗೆಯಿಲ್ಲ. ಮಾರುವ ಬೆಲೆ ಮಾರುವವನಿಗೆ ಬೇಕು. ಇಟ್ಟುಕೊಂಡು ಓಡಿಸುವವನು ನೋಡಬೇಕಾದ್ದು, ಇನ್ನು ಮುಂದೆ ವರ್ಷಕ್ಕೆ ಈ ಕಾರಿಗೆಷ್ಟು, ಹೊಸದಕ್ಕೆಷ್ಟು ಎಂಬುದನ್ನು. ಈವರೆಗೆ ಹಾಕಿದ ದುಡ್ಡು ಎರಡೂ ಕಡೆ ಲೆಕ್ಕಕ್ಕಿಲ್ಲ.

ಶೋರೂಮ್ ಬೆಲೆ 6 ಲಕ್ಷದ ಕಾರನ್ನೇ ಹಿಡಿಯಿರಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದದ್ದು ನಿಜ. ಆದರೆ ನಮ್ಮ ರಾಜ್ಯದ ಲೈಫ್‌ಟೈಮ್ ತೆರಿಗೆ ಈ ಬೆಲೆಗೆ ಶೇ. 14, ಅದರ ಮೇಲೆ ಸೆಸ್. ಅಲ್ಲಿಗೆ 90,000 ಹೋಯಿತು. 5 ಲಕ್ಷ ಸಾಲ, ಶೇ. 9ರ ಬಡ್ಡಿ, ಐದು ವರ್ಷವೆಂದರೆ ತಿಂಗಳಿಗೆ 10,380ರ ಕಂತು, ಬಡ್ಡಿಯೇ 1.22 ಲಕ್ಷ. ವಿಮೆಯವರ ಐಡಿವಿ ಪಟ್ಟಿಯ ಪ್ರಕಾರ ಐದು ವರ್ಷ ಮುಟ್ಟುವಷ್ಟರಲ್ಲಿ ಕಾರಿನ ಬೆಲೆ ಅರ್ಧ. ಪೆಟ್ರೋಲ್ ಹಾಕಿಸುವ ಮೊದಲೇ ವರ್ಷಕ್ಕೆ ಒಂದು ಲಕ್ಷ ಕರಗುತ್ತದೆ.

ಹಳೆಯದಕ್ಕೆ? 62,000ವನ್ನು ಮೂರು ವರ್ಷಕ್ಕೆ ಹಂಚಿದೆ. ಸರ್ವೀಸು, ಹೇಳದೆ ಕೇಳದೆ ಬರುವ ರಿಪೇರಿಗಳಿಗೆಂದು ವರ್ಷಕ್ಕೆ 25,000 ಇಟ್ಟೆ. ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600ರ ಬದಲು 5,000, ಅದು ಐದು ವರ್ಷಕ್ಕೊಮ್ಮೆ. ಸಾವಿರ ಸಿಸಿ ಒಳಗಿನ ಕಾರಿನ ಥರ್ಡ್ ಪಾರ್ಟಿ ವಿಮೆ 2,094, ಜಿಎಸ್‌ಟಿ ಬೇರೆ. ಎಲ್ಲ ಸೇರಿ 50,000 ದಾಟಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಮೆಕ್ಯಾನಿಕ್ ಗಾಡಿ ಎತ್ತಿ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದ. “ಇಂಜಿನ್ ಕಟ್ಬಹುದು ಸಾರ್, ಅಡಿ ಕೊಳೆತ್ರೆ ಏನೂ ಮಾಡಕ್ಕಾಗಲ್ಲ.” ತುಕ್ಕು ಇರಲಿಲ್ಲ. ಇದ್ದಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಹರಿದುಹಾಕಿ ಗುಜರಿಗೆ ಕಳಿಸುತ್ತಿದ್ದೆ. ಸ್ಪೇರುಗಳನ್ನು ಜೆ.ಸಿ. ರಸ್ತೆಯಿಂದ ಬಿಲ್ಲಿನೊಂದಿಗೇ ತರಿಸಿದೆ.

ಈ ಲೆಕ್ಕ ಕೂಡಿಬಂದದ್ದು ನಾವು ಕಾರು ತೆಗೆಯುವುದೇ ಅಪರೂಪವಾದ್ದರಿಂದ. 2015ರಲ್ಲಿ ವಿಜಯನಗರಕ್ಕೆ ಮೆಟ್ರೊ ಬಂದಮೇಲೆ ಮೆಜೆಸ್ಟಿಕ್ಕಿಗೆ ಯಾರು ಕಾರು ತೆಗೆಯುತ್ತಾರೆ? ಆಸ್ಪತ್ರೆ, ಮದುವೆ, ಭಾನುವಾರದ ತಿರುಗಾಟ, ಅಷ್ಟೆ. ಭಾಮೈದನ ಕತೆ ಬೇರೆ. ಕೆಂಗೇರಿಯಿಂದ ನೈಸ್ ರಸ್ತೆಯಲ್ಲಿ ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವನಿಗೆ ಕಾರು ಕೈಕೊಟ್ಟರೆ ಒಂದು ದಿನದ ರಜೆಯೂ ಹೋಗುತ್ತದೆ. ಅವನಿಗೆ ನಾನು ಹೇಳಿದ್ದು, ಹೊಸದು ಬೇಡ, ಎರಡು-ಮೂರು ವರ್ಷ ಓಡಿದ್ದು ನೋಡು. ಬೆಲೆ ಭರದಿಂದ ಇಳಿಯುವ ವರ್ಷಗಳ ಹೊರೆಯನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ. 2023ರ ಏಪ್ರಿಲ್ ನಂತರ ತಯಾರಾದದ್ದಾದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಒಗ್ಗುವ ಭಾಗಗಳೂ ಇರುತ್ತವೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯೇ ಎಂದು ಮಾತ್ರ ಮರೆಯದೆ ನೋಡಬೇಕು.

ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದೇ 2019ರಲ್ಲಿ. ಇದಕ್ಕೆ ಹಣಕಾಸಿನ ಅಂಕಣದಲ್ಲಿ ಉತ್ತರವಿಲ್ಲ. ಹಾಗಾಗಿ ಮೈಸೂರು ಎಕ್ಸ್‌ಪ್ರೆಸ್‌ವೇಗೆ ಈ ಕಾರನ್ನು ಇಳಿಸುವುದಿಲ್ಲ, ಕೆಂಗೇರಿಯಲ್ಲಿ ರೈಲು ಹತ್ತುತ್ತೇವೆ.

ಕಂತಿನ ಅರ್ಧದಷ್ಟು, ತಿಂಗಳಿಗೆ 5,000, ಈಗ ಆರ್‌ಡಿಗೆ ಹೋಗುತ್ತಿದೆ. 2030ಕ್ಕೆ ಮತ್ತೆ ನವೀಕರಣ. ಆ ಹೊತ್ತಿಗೆ ಅಸಲೇ 3 ಲಕ್ಷ ಆಗಿರುತ್ತದೆ. 20 ವರ್ಷ ದಾಟಿದ ಕಾರಿಗೆ ಶುಲ್ಕ 10,000ಕ್ಕೆ ಏರಿರುವುದರಿಂದ, ಆಗ ಬಹುಶಃ ಭಾಮೈದನ ಮಾತೇ ನಡೆಯಬಹುದು.